ಟೆಕ್ಸಾಸಿಗೆ ಹೋಗಿ ಮೆತ್ತಗಾದವನು

ಹೋದ ತಿಂಗಳು ಊರಿಗೆ ಹೋಗಿದ್ದೆ. ಕಲಬುರಗಿಯ ಬ್ರಹ್ಮಪುರದಲ್ಲಿ ಕಾಕಾನ ಮನೆ. ರಾತ್ರಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಎಲ್ಲ ಮುಗಿಸಿ ಟಿವಿ ಮುಂದೆ ಕೂತಿದ್ದೆವು. ಯಾವುದೋ ಕೊಲೆ ಸುದ್ದಿ ಬರುತ್ತಿತ್ತು. ಮುಖಕ್ಕೆ ಕಪ್ಪು ಬಟ್ಟೆ ಹಾಕಿದವನೊಬ್ಬನನ್ನು ಪೊಲೀಸರು ಜೀಪಿಗೆ ಹತ್ತಿಸುತ್ತಿದ್ದರು. ಅದೇ ಹತ್ತು ಸೆಕೆಂಡನ್ನು ಚಾನೆಲ್‌ನವರು ಮತ್ತೆ ಮತ್ತೆ ತೋರಿಸುತ್ತಿದ್ದರು.

ಕಾಕಾ ಎಲೆಗೆ ಸುಣ್ಣ ಸವರುತ್ತಾ, "ಇಂಥವ್ರಿಗಿ ಕೋರ್ಟು ಗೀರ್ಟು ಏನೂ ಬ್ಯಾಡ. ಸೀದಾ ಗಲ್ಲಿಗಿ ಹಾಕ್ಬೇಕ್ ನೋಡ್" ಅಂದರು.

ತಂಗಿಯ ಮಗ ಮೊಬೈಲಿನಿಂದ ತಲೆ ಎತ್ತಲೂ ಇಲ್ಲ. "ಗಲ್ಲು ಯಾಕ್ ಮುತ್ಯಾ, ಎನ್‌ಕೌಂಟರ್" ಅಂದ.

ಆ ಟಿವಿಯ ಮೇಲೆ, ಸರಿಯಾಗಿ ಒಂದು ಗೇಣು ಮೇಲೆ, ಒಂದು ಫ್ರೇಮು ಇದೆ. ಗೃಹಪ್ರವೇಶಕ್ಕೆ ಯಾರೋ ಕೊಟ್ಟಿದ್ದು. 'ಕಳಬೇಡ, ಕೊಲಬೇಡ' ಅಂತ ದೊಡ್ಡ ಅಕ್ಷರ. ಬಸವ ಜಯಂತಿಗೆ ಹಾಕಿದ ಚೆಂಡು ಹೂವಿನ ಹಾರ ಒಣಗಿ ಇನ್ನೂ ಜೋತಾಡುತ್ತಿತ್ತು. ನನಗೆ ಬಾಯಿ ತಡೆಯಲಿಲ್ಲ. "ಕಾಕಾ, ಅಲ್ಲಿ ಏನ್ ಬರ್ದದ ನೋಡ್ರಿ" ಅಂದೆ.

ಹುಡುಗ ಈಗ ತಲೆ ಎತ್ತಿದ. "ಮಾಮಾ, ನೀವು ಅಮೆರಿಕಾಕ್ಕ ಹೋಗಿ ಭಾಳ ಮೆತ್ತಗಾಗೀರಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮಾತು ಒಳಗೆ ಮುಳ್ಳಿನ ಹಾಗೆ ಉಳಿಯಿತು. ಯಾಕೆಂದರೆ ನಾನಿರುವುದು ಟೆಕ್ಸಾಸಿನ ಹ್ಯೂಸ್ಟನ್‌ನಲ್ಲಿ. ನಮ್ಮ ಮನೆಯಿಂದ ಕಾರಲ್ಲಿ ಒಂದೂಕಾಲು ಗಂಟೆ ಉತ್ತರಕ್ಕೆ ಹೋದರೆ ಹಂಟ್ಸ್‌ವಿಲ್ ಎಂಬ ಊರು. ಅಲ್ಲಿಯ ಕೆಂಪು ಇಟ್ಟಿಗೆಯ ಜೈಲಿನಲ್ಲಿ 1982ರಿಂದ ಈಚೆಗೆ 590ಕ್ಕೂ ಹೆಚ್ಚು ಜನರಿಗೆ ಚುಚ್ಚುಮದ್ದು ಕೊಟ್ಟು ಮರಣದಂಡನೆ ಜಾರಿ ಮಾಡಿದ್ದಾರೆ. ಅಮೆರಿಕದ ಬೇರೆ ಯಾವ ರಾಜ್ಯವೂ ಈ ಲೆಕ್ಕದ ಹತ್ತಿರಕ್ಕೆ ಬರುವುದಿಲ್ಲ. ಅಂಥಾ ಊರಿನ ನೀರು ಕುಡಿದು ನಾನು ಮೆತ್ತಗಾದೆನಂತೆ!

ಮೆತ್ತಗಾಗಿಲ್ಲ. ಅಲ್ಲಿ ಜಗಳ ಆಡುವುದನ್ನು ಕಲಿತೆ, ಅಷ್ಟೇ.

ನಮ್ಮ ಪಕ್ಕದ ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ ಇದ್ದಾರೆ. ಇಬ್ಬರೂ ಬ್ಯಾಪ್ಟಿಸ್ಟ್ ಚರ್ಚಿನವರು. ಆತ ತೈಲ ಶುದ್ಧೀಕರಣ ಘಟಕದಲ್ಲಿ ದುಡಿದು ನಿವೃತ್ತರಾದವರು, ಆಕೆ ಭಾನುವಾರ ಮಕ್ಕಳಿಗೆ ಬೈಬಲ್ ಪಾಠ ಹೇಳುವವರು. ಅವರ ಬೈಬಲ್ ನೋಡಬೇಕು ನೀವು. ತೊಗಲಿನ ರಟ್ಟು ಸವೆದು ಹಳೇ ಚಪ್ಪಲಿಯಷ್ಟು ಮೆತ್ತಗಾಗಿದೆ. ಪುಟದಿಂದ ಬಣ್ಣಬಣ್ಣದ ಚೀಟಿಗಳು ಇಣುಕುತ್ತವೆ. ಪೆನ್ಸಿಲ್ ಗೆರೆ ಇಲ್ಲದ ಪುಟ ಕಮ್ಮಿ. ಒಂದು ಸಂಜೆ ಹಂಟ್ಸ್‌ವಿಲ್‌ನಲ್ಲಿ ಒಬ್ಬನ ಶಿಕ್ಷೆ ಇತ್ತು. ರೇಡಿಯೋದಲ್ಲಿ ಸುದ್ದಿ ಬಂತು. ನಾನು ಅವರ ವರಾಂಡದಲ್ಲಿ ಕೂತಿದ್ದೆ.

ಆತ ಆದಿಕಾಂಡ 9:6 ಅಂದರು. ಮನುಷ್ಯನ ರಕ್ತ ಸುರಿಸಿದವನ ರಕ್ತ ಮನುಷ್ಯನಿಂದಲೇ ಸುರಿಯಬೇಕು ಅಂತ ಅಲ್ಲಿದೆ. ಆಕೆ ಅದೇ ಪುಸ್ತಕದ ಐದು ಅಧ್ಯಾಯ ಹಿಂದಕ್ಕೆ ಹೋದರು. ಲೋಕದ ಮೊದಲ ಕೊಲೆಗಾರ ಕಾಯಿನ. ಸ್ವಂತ ತಮ್ಮನನ್ನು ಕೊಂದವನು. ದೇವರು ಅವನನ್ನು ಕೊಂದನಾ? ಇಲ್ಲ, ಬೇರೆ ಯಾರೂ ಅವನನ್ನು ಕೊಲ್ಲದಿರಲಿ ಅಂತ ಗುರುತು ಹಾಕಿ ಕಳಿಸಿದ. ಆತ ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ ತೆಗೆದರು: ಆಳುವವನು ಕತ್ತಿಯನ್ನು ಸುಮ್ಮನೆ ಹಿಡಿದಿಲ್ಲ. ಆಕೆ ಯೋಹಾನನ 8 ತೆಗೆದರು. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನು ಎಳೆತಂದಿದ್ದಾರೆ, ಮೋಶೆಯ ಕಟ್ಟಳೆ ಪ್ರಕಾರ ಕಲ್ಲು ಹೊಡೆಯಬೇಕು. ಪಾಪ ಮಾಡದವನು ಮೊದಲ ಕಲ್ಲು ಎಸೆಯಲಿ ಅಂತ ಯೇಸು ಅಂದ. ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು.

ಆಗ ಆ ಮನುಷ್ಯ ಮಾಡಿದ್ದು ನನಗೆ ಈಗಲೂ ಮರೆತಿಲ್ಲ. ಕನ್ನಡಕ ಏರಿಸಿ, ಪುಟದ ಕೆಳಗಿನ ಅಡಿಟಿಪ್ಪಣಿ ಮೇಲೆ ಬೆರಳಿಟ್ಟರು. ಈ ಕತೆ ಅತಿ ಹಳೆಯ ಹಸ್ತಪ್ರತಿಗಳಲ್ಲಿ ಇಲ್ಲ ಅಂತ ಅಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಆಕೆ ಉರಿದೆದ್ದರು. ಮದುವೆಯಾಗಿ ನಲವತ್ತು ವರ್ಷ ಆಯಿತು, ಗ್ಯಾಸ್ ಸ್ಟೌವಿನ ಜತೆ ಬಂದ ಪುಸ್ತಕವನ್ನೂ ಒಂದು ದಿನ ಓದಿದವರಲ್ಲ, ಈಗ ಅಡಿಟಿಪ್ಪಣಿ ಓದುತ್ತೀರಾ ಅಂದರು.

ನಾನು ಹೊಟ್ಟೆ ಹಿಡಿದು ನಕ್ಕೆ. ಆದರೆ ಒಳಗೊಳಗೆ ಹೊಟ್ಟೆಕಿಚ್ಚು. ಅವರಿಬ್ಬರಿಗೆ ಅದು ಓದಿ ಎತ್ತಿಡುವ ಪುಸ್ತಕ ಅಲ್ಲ, ಮನೆಯಲ್ಲಿ ಮಾತಾಡುವ ಮೂರನೇ ಮನುಷ್ಯ. ಅವರ ಸಂಘಟನೆಗಳೂ ಹಾಗೆಯೇ ಬಾಯಿಬಿಟ್ಟು ಹೇಳುತ್ತವೆ. ಸದರ್ನ್ ಬ್ಯಾಪ್ಟಿಸ್ಟರು 2000ದಲ್ಲಿ ಮರಣದಂಡನೆ ಪರವಾಗಿ ಠರಾವು ಮಾಡಿದರು. ಕ್ಯಾಥೊಲಿಕ್ಕರಲ್ಲಿ ಪೋಪ್ ಫ್ರಾನ್ಸಿಸ್ 2018ರಲ್ಲಿ ಧರ್ಮಬೋಧೆಯ ಪುಸ್ತಕವನ್ನೇ ತಿದ್ದಿಸಿ, ಮರಣದಂಡನೆಯನ್ನು ಒಪ್ಪಲಾಗದು ಅಂತ ಬರೆಸಿದರು. ಪರವೋ ವಿರೋಧವೋ, ಒಂದು ಕಡೆ ನಿಲ್ಲುತ್ತಾರೆ.

ಆಮೇಲೆ ಆಕೆ ನನ್ನ ಕಡೆ ತಿರುಗಿದರು. "ನಿಮ್ಮ ಗ್ರಂಥ ಏನು ಹೇಳುತ್ತೆ?"

ಕೊಲಬೇಡ ಅಂತ ಹೇಳುತ್ತೆ ಅಂದೆ. ಹಾಗಾದರೆ ನಿಮ್ಮ ದೇಶದಲ್ಲಿ ಗಲ್ಲು ಇಲ್ಲವಾ ಅಂತ ಕೇಳಿದರು. ಇದೆ ಅಂದೆ. ನಿಮ್ಮವರು ಅದನ್ನು ವಿರೋಧಿಸುತ್ತಾರಾ? ನಾನು ಚಹಾ ಲೋಟದೊಳಗೆ ನೋಡಿದೆ.

ನಮ್ಮಲ್ಲಿ ಗ್ರಂಥಕ್ಕೆ ಬರವಾ? ಅದೂ ನಮ್ಮ ಭಾಗದಲ್ಲಿ? ಕಲಬುರಗಿ ಹತ್ತಿರದ ಮರತೂರು ವಿಜ್ಞಾನೇಶ್ವರನ ಊರು. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದವನು. ಈಗಲೂ ಆಸ್ತಿ ಪಾಲಿನ ಕೇಸಿನಲ್ಲಿ ಅವನ ಹೆಸರು ಬರುತ್ತದೆ. ಸ್ಮೃತಿಗಳಲ್ಲಿ ದಂಡದ ಲೆಕ್ಕ ಹೇಗಿತ್ತು ಅಂತ ನಮ್ಮಲ್ಲಿ ಎಷ್ಟು ಜನ ತೆರೆದು ನೋಡಿದ್ದಾರೆ? ಬೇರೆಯವನ ತಲೆ ಹೋಗುವ ತಪ್ಪಿಗೆ ಬ್ರಾಹ್ಮಣನ ಕೂದಲು ಹೋದರೆ ಸಾಕು ಅಂತ ಮನುಸ್ಮೃತಿಯ 8ನೇ ಅಧ್ಯಾಯದಲ್ಲಿದೆ.

ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ನಾವು ವರ್ಷಕ್ಕೊಮ್ಮೆ ಹೋಗುತ್ತಿದ್ದೆವು. ಚಂದ್ರಲಾಂಬಾ ದರ್ಶನ, ಕಾಯಿ, ಊಟ, ವಾಪಸ್. ಅದೇ ಗುಡಿಯ ಆವರಣದಲ್ಲಿ ಕಾಳಿ ವಿಗ್ರಹದ ಪೀಠವಾಗಿದ್ದ ಕಲ್ಲು ಅಶೋಕನ ಶಾಸನ ಅಂತ 1980ರ ದಶಕದ ಕೊನೆಗೆ ಗೊತ್ತಾಯಿತು. ಅದರಲ್ಲಿರುವ ಒಂದು ಶಾಸನ ನ್ಯಾಯ ಹೇಳುವ ಅಧಿಕಾರಿಗಳಿಗಾಗಿಯೇ ಬರೆದದ್ದು. ಅದೇ ಶಾಸನ ಒಡಿಶಾದ ಧೌಲಿಯಲ್ಲೂ ಇದೆ. ಅಸೂಯೆ, ಸಿಟ್ಟು, ಕ್ರೌರ್ಯ, ಅವಸರ, ಸೋಮಾರಿತನ ಇದ್ದವನಿಂದ ನ್ಯಾಯ ಆಗುವುದಿಲ್ಲ, ಕಾರಣವಿಲ್ಲದೆ ಯಾರೂ ಸೆರೆ ಬೀಳಬಾರದು ಅಂತ ರಾಜ ಹೇಳುತ್ತಾನೆ. ಎಷ್ಟು ಶತಮಾನ ಅದು ದೇವಿಯ ಕಾಲ ಕೆಳಗಿತ್ತೋ. ನಾವು ಮೇಲೆ ಕುಂಕುಮ ಹಾಕಿ ಬಂದೆವು.

ನನ್ನ ಕ್ಲಾಸ್‌ಮೇಟ್ ಒಬ್ಬ ಬಂದೇ ನವಾಜ್ ದರ್ಗಾದ ಹತ್ತಿರ ಇರುತ್ತಾನೆ, ವಕೀಲ. ಕುರಾನಿನ 5:45ರಲ್ಲಿ ಕಣ್ಣಿಗೆ ಕಣ್ಣು ಅಂತ ಇದೆ, ಅದೇ ಆಯತ್‌ನಲ್ಲಿ ಮಾಫ್ ಮಾಡಿದವನ ಪಾಪಕ್ಕೆ ಅದೇ ಪ್ರಾಯಶ್ಚಿತ್ತ ಅಂತಲೂ ಇದೆ ಅಂದ. "ಜನ ಅರ್ಧ ಆಯತ್ ಓದ್ತಾರ ನೋಡು ಭಾಯ್." ಅವನ ಮಾತು ನನಗೆ ಹಿಡಿಸಿತು. ನಮ್ಮವರು ಆ ಅರ್ಧವನ್ನೂ ಓದುವುದಿಲ್ಲ.

ಮರುದಿನ ಹುಡುಗನನ್ನು ಕರೆದುಕೊಂಡು ಬಸವಕಲ್ಯಾಣಕ್ಕೆ ಹೋದೆ. ಪಂದ್ಯಕ್ಕೆ ಬಿದ್ದೇ ಹೋದೆ ಅನ್ನಿ. ಹರಳಯ್ಯನ ಗವಿ ಮುಂದೆ ನಿಂತು ಅವನು ಸೆಲ್ಫಿ ತೆಗೆದ. ಹರಳಯ್ಯನ ಕತೆ ಅವನಿಗೆ ಬಾಯಿಪಾಠ. ತೊಡೆಯ ಚರ್ಮದ ಚಮ್ಮಾವುಗೆ, ಬ್ರಾಹ್ಮಣ ಮಧುವಯ್ಯನ ಮಗಳು, ಸಮಗಾರ ಹರಳಯ್ಯನ ಮಗ ಶೀಲವಂತ, ಮದುವೆ, ರಾಜ ಬಿಜ್ಜಳನ ಸಿಟ್ಟು, ಎಳೆಹೂಟೆ. ಆರನೇ ಕ್ಲಾಸಿನ ನಾಟಕದಲ್ಲಿ ಅವನು ಮಧುವಯ್ಯನ ಪಾತ್ರ ಮಾಡಿದ್ದನಂತೆ. ಆನೆಯ ಕಾಲಿಗೆ ಕಟ್ಟಿ ಎಳೆಯುವ ದೃಶ್ಯಕ್ಕೆ ಅಮ್ಮಂದಿರೆಲ್ಲ ಅತ್ತರಂತೆ.

"ಅದೂ ಮರಣದಂಡನೆನೇ ಅಲ್ವಾ?" ಅಂದೆ.

"ಅದು ತಪ್ಪು ಶಿಕ್ಷಾ ಮಾಮಾ. ಅವ್ರು ಏನೂ ಮಾಡಿದ್ದಿಲ್ಲ. ಟಿವಿಯಾಗಿನವ ಬ್ಯಾರೆ."

ಬಿಜ್ಜಳನಿಗೆ ಅದು ತಪ್ಪು ಅನ್ನಿಸಿರಲಿಲ್ಲ. ವರ್ಣಸಂಕರ ಆಯಿತು, ಶಾಸ್ತ್ರ ಕೆಟ್ಟಿತು ಅಂತ ಅವನ ಕಿವಿಯಲ್ಲಿ ಹೇಳುವವರಿದ್ದರು. ಗ್ರಂಥ ಹಿಡಿದೇ ಕೊಂದರು. ಇದನ್ನು ಹುಡುಗನಿಗೆ ಹೇಳಿದೆ. ಅವನು ಹೂಂಗುಟ್ಟಿದ. ಆಮೇಲೆ ಮಿರ್ಚಿ, ಸೂಸ್ಲಾ ತಿನ್ನೋಣ ಅಂದ.

ನನಗೆ ಕೋಪ ಬರುವುದು ಇಲ್ಲಿಯೇ. ನಾವು ವಚನ ಹಾಡುತ್ತೇವೆ, ಕಣ್ಣಲ್ಲಿ ನೀರು ತರುತ್ತೇವೆ, ಫ್ರೇಮು ಹಾಕಿಸುತ್ತೇವೆ. ಹಗ್ಗದ ಮಾತು ಬಂದ ಗಳಿಗೆ ವಚನ ಗೋಡೆ ಮೇಲೆ, ನಾವು ಟಿವಿ ಕಡೆ. ಒಪ್ಪುವುದೂ ಇಲ್ಲ, ಬಸವಣ್ಣ ಇಲ್ಲಿ ತಪ್ಪು ಅಂತ ಧೈರ್ಯವಾಗಿ ಹೇಳುವುದೂ ಇಲ್ಲ. ನಮ್ಮ ಪಕ್ಕದ ಮನೆಯ ಮುದುಕ ಕನಿಷ್ಠ ಅಡಿಟಿಪ್ಪಣಿವರೆಗೆ ಹೋದ.

ಇಷ್ಟು ಬರೆದ ಮೇಲೆ ಇನ್ನೊಂದು ವಿಷಯ ಮುಚ್ಚಿಡುವುದು ಸರಿಯಲ್ಲ. ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ.

ಮೂರು ವರ್ಷದ ಹಿಂದೆ ನನಗೆ ಜ್ಯೂರಿ ಕೆಲಸಕ್ಕೆ ಕರೆ ಬಂತು, ಕೊಲೆ ಕೇಸು. ಉದ್ದನೆಯ ಫಾರಂ ಕೊಟ್ಟರು. ಮರಣದಂಡನೆ ಬಗ್ಗೆ ನಿಮ್ಮ ಧರ್ಮ ಏನು ಹೇಳುತ್ತದೆ ಅಂತ ಒಂದು ಪ್ರಶ್ನೆ. ನಾನು ಹೆಮ್ಮೆಯಿಂದ ವಚನದ ಅರ್ಥ ಬರೆದೆ, ಯಾವ ಕಾರಣಕ್ಕೂ ಆ ಶಿಕ್ಷೆ ಕೊಡಲಾರೆ ಅಂದೆ. ಮನೆಗೆ ಕಳಿಸಿದರು. ಅಲ್ಲಿಯ ಕಾನೂನು ಹಾಗಿದೆ. ಕೊಡಲು ಆಗುವುದೇ ಇಲ್ಲ ಅನ್ನುವವರನ್ನು ಕೈಬಿಡುತ್ತಾರೆ. ಕೊನೆಗೆ ಕೂರುವ 12 ಜನ ಕೊಡಬಲ್ಲೆ ಅಂದವರೇ. ನನ್ನ 'ಕೊಲಬೇಡ'ದಿಂದ ಆ ಆರೋಪಿಗೆ ಮೂರು ಕಾಸಿನ ಉಪಯೋಗ ಆಗಲಿಲ್ಲ.

ಪುಸ್ತಕ ತೆರೆದಿಟ್ಟರೆ ಒಳ್ಳೆಯದೇ ಆಗುತ್ತದೆ ಅಂತಲೂ ಇಲ್ಲ. ಕೊಲೊರಾಡೊದಲ್ಲಿ ಜ್ಯೂರಿಯವರು ಬೈಬಲ್ಲಿನ ಯಾಜಕಕಾಂಡದ ಸಾಲು ಓದಿ ಒಬ್ಬನಿಗೆ ಮರಣದಂಡನೆ ಹೇಳಿದರು. ಅಲ್ಲಿಯ ಸುಪ್ರೀಂ ಕೋರ್ಟು 2005ರಲ್ಲಿ ಆ ಶಿಕ್ಷೆ ರದ್ದು ಮಾಡಿತು. ನಮ್ಮ ಟೆಕ್ಸಾಸಿನಲ್ಲೂ ಹಾಗೇ ಆಯಿತು. ಓದಿದ್ದು ಬೈಬಲ್ಲಿನ ಅರಣ್ಯಕಾಂಡದ 35ನೇ ಅಧ್ಯಾಯ. ತಪ್ಪೇ ಆಯಿತು, ಆದರೆ ಅದರಿಂದ ತೀರ್ಪು ಕೆಟ್ಟಿಲ್ಲ ಅಂತ ಮೇಲಿನ ಕೋರ್ಟು ಹೇಳಿತು. 2009ರಲ್ಲಿ ಅವನನ್ನು ಹಂಟ್ಸ್‌ವಿಲ್‌ನಲ್ಲಿ ಮುಗಿಸಿದರು.

ಇತ್ತ ನಮ್ಮ ಕರ್ನಾಟಕದಲ್ಲಿ? ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಗಲ್ಲುಗಂಬ ಇದೆ. 1983ರ ನಂತರ ಅಲ್ಲಿ ಯಾರನ್ನೂ ನೇಣಿಗೆ ಹಾಕಿಲ್ಲ. ಟೀ ಅಂಗಡಿಯಲ್ಲಿ ದಿನಾ ನಾಲ್ಕು ಜನರನ್ನು ಗಲ್ಲಿಗೇರಿಸುವ ನಾವು, ನಿಜದಲ್ಲಿ ನಲವತ್ತು ವರ್ಷ ಸುಮ್ನೆ ಇದ್ದೇವೆ. ಅಪರೂಪದಲ್ಲಿ ಅಪರೂಪದ ಕೇಸಿಗೆ ಮಾತ್ರ ಈ ಶಿಕ್ಷೆ ಅಂತ ಸುಪ್ರೀಂ ಕೋರ್ಟು 1980ರಲ್ಲಿ ಹೇಳಿದ್ದು ಒಂದು ಕಾರಣ. ಮೇಲ್ಮನವಿ, ಕ್ಷಮಾದಾನದ ಅರ್ಜಿ, ವರ್ಷಗಟ್ಟಲೆ ವಿಳಂಬ ಇನ್ನೊಂದು. ವಚನದ ಪಾಲು ಇದರಲ್ಲಿ ಇದೆ ಅಂತ ನಾನು ಹೇಳಲಾರೆ.

ವಾಪಸ್ ಹೊರಡುವ ಎರಡು ದಿನ ಮುಂಚೆ ಕಾಕಾನ ಜತೆ ಆಳಂದ ಕಡೆಯ ನಮ್ಮ ಹಳ್ಳಿಗೆ ಬಸ್ಸಿನಲ್ಲಿ ಹೊರಟಿದ್ದೆ. ಜಾಸ್ತಿ ರಶ್ಶು. ಕಾಕಾ ಕಿಟಕಿಯಿಂದಲೇ ಟವಲ್ ಹಾಕಿ ಮೂರು ಜನರ ಸೀಟು ಹಿಡಿದಿದ್ದರು. ಮುಂದಿನ ಸ್ಟಾಪಿನಲ್ಲಿ ಒಬ್ಬ ಮುದುಕ ಹತ್ತಿದ, ಬಿಳಿ ಟೋಪಿ, ಕೈಯಲ್ಲಿ ಚೀಲ. ಕಾಕಾ ಅವನ ಮುಖ ನೋಡಲಿಲ್ಲ. ಮೂರನೇ ಜಾಗದ ಮೇಲಿದ್ದ ಟವಲ್ ಎತ್ತಿ ಹೆಗಲಿಗೆ ಹಾಕಿಕೊಂಡರು, ಅಷ್ಟೇ. ಅವನು ಕೂತ. ಊರು ಬರುವ ತನಕ ಇಬ್ಬರೂ ಒಂದು ಮಾತಾಡಲಿಲ್ಲ.

ಇಳಿದ ಮೇಲೆ ನನಗೆ ಗುರುತು ಹತ್ತಿತು. ಕಾಕಿಯ ಅಣ್ಣನನ್ನು ಹೊಲದ ಬದುವಿನ ಜಗಳದಲ್ಲಿ ಕೊಡಲಿಯಿಂದ ಹೊಡೆದವನು. ಜೀವಾವಧಿ ಆಗಿ, ಹದಿನಾರು ವರ್ಷ ಜೈಲಿನಲ್ಲಿದ್ದು ಬಂದವನು.

"ಕಾಕಾ, ಇವಗ ಗಲ್ಲು ಆಗ್ಬೇಕಿತ್ತೇನು?"

"ಇವಗ್ಯಾಕೋ? ಟಿವಿಯಾಗಿನವ್ರು ಬ್ಯಾರೆ, ಇಂವ ಬ್ಯಾರೆ." ಸ್ವಲ್ಪ ದೂರ ನಡೆದು, "ಇವನ ಮೊಮ್ಮಗಳ ಲಗ್ನ ಅದ ಬರೋ ವಾರ" ಅಂದರು.

"ಹೋಗ್ತೀರೇನು?"

"ನಿಮ್ ಕಾಕಿ ಬರಂಗಿಲ್ಲ ಅಂತಾಳ. ನಾ ಹೋಗಿ ಅಕ್ಕಿಕಾಳ್ ಹಾಕಿ ಬರ್ತೀನಿ. ಊಟಕ್ ಕುಂದ್ರಂಗಿಲ್ಲ."