ಬಾಯಾಡಿಸಿದರೆ ಸಾಕು

ನಮ್ಮ ಹೈಸ್ಕೂಲಿನ ಸಂಗೀತದ ಮೇಷ್ಟ್ರು ನನಗೆ ಕಲಿಸಿದ ಮೊದಲ ಪಾಠ ಸರಿಗಮ ಅಲ್ಲ. 'ನೀನು ಸುಮ್ನೆ ಬಾಯಾಡಿಸು, ಸಾಕು' ಅನ್ನುವುದು.

ಎಂಟನೇ ಕ್ಲಾಸು. ಆಗಸ್ಟ್ 15ರ ಗುಂಪುಗಾಯನಕ್ಕೆ ತಾಲೀಮು ನಡೆಯುತ್ತಿತ್ತು. 40 ಜನರ ನಡುವೆ ಎಲ್ಲೋ ಶ್ರುತಿ ಬಿಡುತ್ತಿತ್ತು. ಮೇಷ್ಟ್ರು ಸಾಲುಗಳ ಮಧ್ಯೆ ಕಿವಿ ಕೊಟ್ಟುಕೊಂಡು ನಡೆದು ಬಂದರು. ನನ್ನೆದುರು ನಿಂತರು. ಬೈಯಲಿಲ್ಲ. ಅಂಗಡಿಯವನು ಸವೆದ ನಾಣ್ಯವನ್ನು ಮೆಲ್ಲಗೆ ವಾಪಸ್ ಕೊಡುವ ಹಾಗೆ ಆ ಮಾತು ಹೇಳಿದರು.

ಆಮೇಲೆ ಪಾಪ ಅನ್ನಿಸಿರಬೇಕು. ನನಗೊಂದು ಹುದ್ದೆ ಕೊಟ್ಟರು. ದಿನಾ ಬೆಳಿಗ್ಗೆ ಪ್ರಾರ್ಥನೆಗೆ, ಹಾಡುವವರಿಗೆ ಆಧಾರಸ್ವರ ಹಿಡಿದುಕೊಡುವ ಶ್ರುತಿ ಪೆಟ್ಟಿಗೆಯ ತಿದಿ ಒತ್ತುವುದು. ಇದೇನು ಮಹಾ ಅಂದುಕೊಂಡಿದ್ದೆ. ಜೋರಾಗಿ ಒತ್ತಿದರೆ ಶ್ರುತಿ ಅಲುಗುತ್ತಿತ್ತು. ನಿಧಾನ ಮಾಡಿದರೆ ಸೊರಗುತ್ತಿತ್ತು. "ಹಸು ಉಸಿರಾಡೋ ಹಾಗೆ ಒತ್ತೋ" ಅಂದರು ಮೇಷ್ಟ್ರು. ಸಂಜೆ ಮನೆಗೆ ಹೋಗಿ ಕೊಟ್ಟಿಗೆಯಲ್ಲಿ ಕೂತು ನೋಡಿದೆ. ಮಲಗಿ ಮೆಲುಕು ಹಾಕುವ ಹಸುವಿನ ಹೊಟ್ಟೆ ಏರುವುದೂ ಗೊತ್ತಾಗುವುದಿಲ್ಲ, ಇಳಿಯುವುದೂ ಗೊತ್ತಾಗುವುದಿಲ್ಲ. ಮೂರು ದಿನದಲ್ಲಿ ಕಲಿತೆ. ಸಂಗೀತದಲ್ಲಿ ನನ್ನ ವಿದ್ವತ್ತು ಅಷ್ಟೇ.

ಆದರೆ ತಿದಿಯ ಹಿಂದೆ ಕೂತವನಿಗೆ ಮೇಷ್ಟ್ರ ಕಷ್ಟ ಚೆನ್ನಾಗಿ ಕಾಣುತ್ತದೆ. ಹಾರ್ಮೋನಿಯಂನ ಕೀಲಿಗೆ ಮನೆ ಅನ್ನುತ್ತಾರೆ, ಎಣಿಕೆ ಏರಿದಷ್ಟೂ ಶ್ರುತಿ ಮೇಲೆ. ಗಂಡಸರ ದನಿಗೆ ಒಂದು ಮನೆ, ಎರಡು ಮನೆ ಶ್ರುತಿ ಹಿತ. ಹುಡುಗಿಯರಿಗೆ ಐದು, ಐದೂವರೆ ಬೇಕು. ಪ್ರಾರ್ಥನೆಯೋ ಎಲ್ಲರಿಗೂ ಸೇರಿ ಒಂದೇ. ಮೇಷ್ಟ್ರು ಮೂರು ಮನೆಗೆ ರಾಜಿ ಮಾಡಿಸುತ್ತಿದ್ದರು. ಮೇಲಿನ ಸ್ವರ ಬಂದಾಗ ದೊಡ್ಡ ಹುಡುಗರು ಕೈಬಿಡುತ್ತಿದ್ದರು, ಕೆಳಗಿಳಿದಾಗ ಹುಡುಗಿಯರು ಪಿಸುಗುಟ್ಟುತ್ತಿದ್ದರು. ಇದರ ಮೇಲೆ ಗಂಟಲು ಒಡೆಯುವ ವಯಸ್ಸು ಬೇರೆ. ಹೋದ ವರ್ಷ ಬಹುಮಾನ ತಂದ ಹುಡುಗ ಈ ವರ್ಷ ಬಾಯಿಬಿಟ್ಟರೆ ಕೆರೆಯ ಕಪ್ಪೆ. ಅಂಥವರನ್ನು ಮೇಷ್ಟ್ರು ಓಡಿಸುತ್ತಿರಲಿಲ್ಲ. ಕೈಗೆ ತಾಳ ಕೊಟ್ಟು ನನ್ನ ಪಕ್ಕ ಕೂರಿಸುತ್ತಿದ್ದರು.

ಹಾರ್ಮೋನಿಯಂ ಬಗ್ಗೆ ಅವರಿಗೆ ಪ್ರೀತಿಯೂ ಇತ್ತು, ಮುಜುಗರವೂ ಇತ್ತು. 1940ರಲ್ಲಿ ಆಕಾಶವಾಣಿ ಅದನ್ನು ಸ್ಟುಡಿಯೋದ ಹೊರಗೇ ನಿಲ್ಲಿಸಿದ್ದನ್ನು ಮೊನ್ನೆ ನಡೆದ ಹಾಗೆ ಹೇಳುತ್ತಿದ್ದರು. ದಶಕಗಳ ಕಾಲ ಆ ನಿಷೇಧ ಇತ್ತು. "ತಪ್ಪೇನಿಲ್ಲ ಬಿಡು. ಗಮಕ ಅಂದ್ರೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗೋ ಬೀದಿ. ಇದರಲ್ಲಿ ಬರೀ ಮನೆಗಳೇ, ಬೀದಿನೇ ಇಲ್ಲ" ಅನ್ನುತ್ತಿದ್ದರು. ಒಂದು ಗಳಿಗೆ ಬಿಟ್ಟು, "ಆದ್ರೆ 400 ಹುಡುಗರನ್ನ ಎಳ್ಕೊಂಡು ಹೋಗೋಕೆ ವೀಣೆ ತಂದ್ರೆ ಆಗುತ್ತಾ?"

ರಾಷ್ಟ್ರಗೀತೆಗೆ 52 ಸೆಕೆಂಡು. ಇದು ಮೇಷ್ಟ್ರ ವ್ರತ. ಗುಂಪು ದೊಡ್ಡದಾದಷ್ಟೂ ಹಾಡು ಎಳೆಯುತ್ತದೆ, ಯಾವ ಊರಿನ ಗುಂಪಾದರೂ ಅಷ್ಟೇ. ನಮ್ಮದು ಒಂದು ನಿಮಿಷ ದಾಟುತ್ತಿತ್ತು. ಸಾವಧಾನ್ ನಿಂತವರು ಕೈ ಆಡಿಸುವಂತಿಲ್ಲವಲ್ಲ, ಅದಕ್ಕೆ ಮೇಷ್ಟ್ರು ಚಪ್ಪಲಿಯೊಳಗೇ ಹೆಬ್ಬೆರಳಿನಲ್ಲಿ ತಾಳ ಹಾಕುತ್ತಿದ್ದರು. ನಾನು ಕೆಳಗೆ ಕೂತು ತಿದಿ ಒತ್ತಿ, ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದವನು. ಆ ಹೆಬ್ಬೆರಳು ನೋಡಿದವನು ಇಡೀ ಶಾಲೆಯಲ್ಲಿ ನಾನೊಬ್ಬನೇ ಇರಬೇಕು.

ವಾರಕ್ಕೆ ಒಂದೇ ಪೀರಿಯಡ್ಡು. ಅದೂ ಶನಿವಾರ, ಮನೆಗೆ ಹೋಗುವ ಗಂಟೆಗೆ ಮೊದಲು. ಜನವರಿ ಕಳೆದರೆ ಗಣಿತದ ಮೇಷ್ಟ್ರು ಬಾಗಿಲಲ್ಲಿ ನಿಂತು, "ಸಿಲಬಸ್ ಮುಗ್ದಿಲ್ಲ, ಇದೊಂದು ನಂಗೆ ಬಿಡಿ" ಅನ್ನುತ್ತಿದ್ದರು. ಹಾಗೆ ಸಾಲ ಪಡೆದ ಪೀರಿಯಡ್ಡನ್ನು ಯಾರೂ ತೀರಿಸಿದ್ದಿಲ್ಲ. ಮೇಷ್ಟ್ರೂ ಕೇಳಿದ್ದಿಲ್ಲ. ಆದರೆ ಸಾಹೇಬರು ಶಾಲೆಗೆ ಬರುತ್ತಾರೆ ಅಂದರೆ ಸ್ವಾಗತಗೀತೆಗೆ ಅವರೇ ಬೇಕು. ಯಾರೋ ನಿವೃತ್ತರಾದರೆ ಬೀಳ್ಕೊಡುಗೆಗೆ ಅವರೇ. ಚುನಾವಣೆ ಬಂದರೆ ಡ್ಯೂಟಿಯೂ ತಪ್ಪುತ್ತಿರಲಿಲ್ಲ. ಹಾರ್ಮೋನಿಯಂ ಮೇಲೆ ಓಡುವ ಬೆರಳು ಊರವರ ಬೆರಳಿಗೆಲ್ಲ ಶಾಯಿ ಬಳಿಯುತ್ತಿತ್ತು.

ಅವರ ಇನ್ನೊಂದು ಮುಖ ನೋಡಿದ್ದು ಒಂದು ಸಂಜೆ, ಶ್ರುತಿ ಪೆಟ್ಟಿಗೆ ರಿಪೇರಿಯಾಗಿದೆಯಾ ಕೇಳಲು ಮನೆಗೆ ಹೋದಾಗ. ಪಡಸಾಲೆಯ ಚಾಪೆಯ ಮೇಲೆ ಸಂಗೀತದ ಜೂನಿಯರ್ ಪರೀಕ್ಷೆಗೆ ಕಟ್ಟಿದ ಐದಾರು ಮಕ್ಕಳು. ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಅಂದರೆ ಮೊದಲ ಸ್ವರಪಾಠ. ನಿಧಾನದ ಒಂದನೇ ಕಾಲ ಆಯಿತು, ಅದರ ದುಪ್ಪಟ್ಟು ವೇಗದ ಎರಡನೇ ಕಾಲವೂ ಆಯಿತು, ಮೂರನೇ ಕಾಲಕ್ಕೆ ಒಬ್ಬಳು ಎಡವಿದಳು. ಮೇಷ್ಟ್ರು ಗುಡುಗಿದರು! ನಾನು ಹೊಸಿಲಲ್ಲೇ ನಡುಗಿದೆ. "ಸ್ಕೂಲಲ್ಲಿ ನೀವು ಬೈಯೋದೇ ಇಲ್ವಲ್ಲ ಸಾರ್" ಅಂದೆ ಆಮೇಲೆ. "ಅಲ್ಲಿ ಬೈದ್ರೆ ಹಾಡೋದನ್ನೇ ಬಿಟ್ಬಿಡ್ತಾರೆ ಕಣೋ. ಇಲ್ಲಿ ಬೈದ್ರೆ ನಾಳೆ ಸರಿಯಾಗಿ ಹಾಡ್ತಾರೆ."

ನಾನು ಹತ್ತನೇ ಕ್ಲಾಸಿಗೆ ಬಂದಾಗ ಶಾಲೆಗೆ ಕರೆಂಟಿನ ಶ್ರುತಿ ಪೆಟ್ಟಿಗೆ ಬಂತು. ಸ್ವಿಚ್ ಹಾಕಿದರೆ ಸಾಕು, ಹಸುವೂ ಬೇಡ, ನಾನೂ ಬೇಡ. ಕರೆಂಟು ಹೋದ ದಿನಗಳಲ್ಲಿ ಮಾತ್ರ ಮೇಷ್ಟ್ರು ನನ್ನ ಕಡೆ ನೋಡುತ್ತಿದ್ದರು. ನಮ್ಮೂರಲ್ಲಿ ಅದು ಜಾಸ್ತಿಯೇ ಹೋಗುತ್ತಿತ್ತು, ದೇವರು ದೊಡ್ಡವನು.

ಕುವೆಂಪು ಅವರ ಪದ್ಯ 2004ರಲ್ಲಿ ಅಧಿಕೃತವಾಗಿ ನಾಡಗೀತೆಯಾಯಿತು. ಧಾಟಿ ಯಾರದು ಅನ್ನುವ ಜಗಳ ಮಾತ್ರ ಮುಗಿಯಲಿಲ್ಲ. ಮೈಸೂರು ಅನಂತಸ್ವಾಮಿಯವರದೋ, ಸಿ. ಅಶ್ವಥ್ ಅವರದೋ? ನಮ್ಮ ಮೇಷ್ಟ್ರು ನಿವೃತ್ತರಾಗುವವರೆಗೂ ಎರಡನ್ನೂ ಕಲಿಸಿಟ್ಟಿದ್ದರಂತೆ, ಯಾವ ಸಭೆಗೆ ಯಾವುದು ಬೇಕಾಗುತ್ತದೋ ಅಂತ. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನೇ ಗೊತ್ತುಮಾಡಿತು. ಎರಡು ನಿಮಿಷ ಮೂವತ್ತು ಸೆಕೆಂಡು ಅಂತ ಹೊತ್ತನ್ನೂ ಕಟ್ಟಿತು.

ಮರುವರ್ಷದ ರಾಜ್ಯೋತ್ಸವ, ನಾಡಿಗೆ ಕರ್ನಾಟಕ ಅಂತ ಹೆಸರಿಟ್ಟು 50 ವರ್ಷ ತುಂಬಿದ್ದಾಗಿನದು. ಊರಿಗೆ ಹೋಗಿದ್ದೆ. ಮೈದಾನದಲ್ಲಿ ಶಾಮಿಯಾನದ ಕೊನೆಯಲ್ಲಿ ಮೇಷ್ಟ್ರು ಸಿಕ್ಕರು. ಕಿವಿಗೆ ಮಿಷನ್ನು, ಕೈಗೆ ಕೋಲು. ಗುರುತು ಹಿಡಿದು, "ತಿದಿ ಅಲ್ವೇನೋ?" ಅಂದರು. ಮಕ್ಕಳು ನಾಡಗೀತೆ ಶುರುಮಾಡಿದರು. ಕೋಲೂರಿಕೊಂಡೇ ಎದ್ದು ನಿಂತರು. ನಾನು ಪಕ್ಕದಲ್ಲಿ ನಿಂತು, ಅಭ್ಯಾಸಬಲ, ದನಿ ಹೊರಡಿಸದೆ ಬಾಯಾಡಿಸುತ್ತಿದ್ದೆ. ಕಣ್ಣು ತಾನಾಗಿಯೇ ಕೆಳಗೆ ಹೋಯಿತು. ಚಪ್ಪಲಿಯೊಳಗೆ ಹೆಬ್ಬೆರಳು ಆಡುತ್ತಿತ್ತು, ಮಕ್ಕಳಿಗಿಂತ ಒಂದು ಕೂದಲೆಳೆ ಮುಂದೆ.

ಹಾಡು ಮುಗಿಯಿತು. ಮೇಷ್ಟ್ರು ವಾಚನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಎರಡು ನಲವತ್ತೈದು" ಅಂದರು. "ಎಳೆದ್ಬಿಟ್ರು ಕಣೋ."