ಕೆಮ್ಮಿದರೆ ಹೃದಯಾಘಾತ ನಿಲ್ಲುತ್ತದೆಯೇ?

ಒಬ್ಬರೇ ಇದ್ದಾಗ ಹೃದಯಾಘಾತವಾದರೆ ಜೋರಾಗಿ ಕೆಮ್ಮುತ್ತಾ ಇರಿ, ಜೀವ ಉಳಿಯುತ್ತದೆ ಎನ್ನುವ ಸ್ಲೈಡ್‌ಗಳು ನಿಮಗೂ ಬಂದಿರಬಹುದು. ಇಮೇಲ್ ಕಾಲದಿಂದಲೂ ಇದು ಸುತ್ತುತ್ತಲೇ ಇದೆ. 2006ರ ಹೊತ್ತಿಗೆ ಸ್ಲೈಡ್ ಹಂಚುವ ತಾಣಗಳು ಬಂದವು, ಬೇಗ ಬೆಳೆದವು. ಮೇಷ್ಟ್ರುಗಳಿಗೆ, ವಿದ್ಯಾರ್ಥಿಗಳಿಗೆ ಅದರಿಂದ ತುಂಬಾ ಅನುಕೂಲ. ಆದರೆ ಇಂಥ ಫೈಲ್‌ಗಳಿಗೂ ಅಲ್ಲೇ ಜಾಗ ಸಿಕ್ಕಿತು.

ಈ ಮಾತು ತಪ್ಪು. ಹೃದಯಾಘಾತದಲ್ಲಿ ಹೃದಯದ ರಕ್ತನಾಳ ಕಟ್ಟಿಕೊಂಡಿರುತ್ತದೆ, ಕೆಮ್ಮಿದರೆ ಅದು ಬಿಡುವುದಿಲ್ಲ. ಆಸ್ಪತ್ರೆಯಲ್ಲಿ ಮಾನಿಟರ್ ಹಾಕಿರುವಾಗ ಬಡಿತ ದಿಢೀರನೆ ತಪ್ಪಿದರೆ, ರೋಗಿಗೆ ಕೆಮ್ಮಲು ವೈದ್ಯರು ಹೇಳುವುದುಂಟು. ಅದು ಕೆಲವೇ ಕ್ಷಣಗಳ ಆಸರೆ, ಚಿಕಿತ್ಸೆ ಅಲ್ಲ. ಮನೆಯಲ್ಲಿ ಎದೆನೋವು ಬಂದರೆ ತಕ್ಷಣ 108ಕ್ಕೆ ಫೋನ್ ಮಾಡಿ, ಪಕ್ಕದ ಮನೆಯವರನ್ನು ಕೂಗಿ. ಕೆಮ್ಮುತ್ತಾ ಕೂತು ಆ ಹೊತ್ತು ಕಳೆದುಹೋದರೆ ಎನ್ನುವುದೇ ನನ್ನ ಭಯ.

ಕಳಿಸಿದವರು ಪ್ರೀತಿಯಿಂದಲೇ ಕಳಿಸಿರುತ್ತಾರೆ, ಅವರ ಮೇಲೆ ಸಿಟ್ಟು ಬೇಡ. ಸುಮ್ನೆ ಒಂದು ನಿಮಿಷ ಆ ಫೈಲ್ ನೋಡಿ. ಕೆಂಪು ಹೃದಯದ ಚಿತ್ರ, ದಪ್ಪ ಅಕ್ಷರ, ಕೊನೆಗೆ "ಹತ್ತು ಜನಕ್ಕೆ ಕಳಿಸಿ". ಬರೆದ ವೈದ್ಯರು ಯಾರು, ಯಾವ ವರ್ಷದ್ದು? ಅದು ಇರುವುದಿಲ್ಲ ಅಲ್ವಾ? ಇಂಥ ತಾಣದಲ್ಲಿ ಖಾತೆ ತೆರೆಯಲು ಒಂದು ಇಮೇಲ್ ಸಾಕು. ಹಾಕುವ ಮುಂಚೆ ವೈದ್ಯರು ಯಾರೂ ಓದಿ ಒಪ್ಪಿಗೆ ಕೊಡುವುದಿಲ್ಲ. ಎಷ್ಟು ಜನ ನೋಡಿದ್ದಾರೆ ಎಂಬ ಲೆಕ್ಕ ನೋಡಿದವರ ಲೆಕ್ಕ ಮಾತ್ರ. ಸ್ಲೈಡ್‌ನ ಒಂದು ಸಾಲು ಕಾಪಿ ಮಾಡಿ, ಮುಂದೆ "ಫ್ಯಾಕ್ಟ್ ಚೆಕ್" ಎಂದು ಸೇರಿಸಿ ಹುಡುಕಿ. ಆಮೇಲೂ ಅನುಮಾನ ಉಳಿದರೆ ನಿಮ್ಮ ಡಾಕ್ಟರಿಗೇ ತೋರಿಸಿ ಕೇಳಿ.