ಒಂದೂವರೆಗೆ ಸ್ಯಾಟಲೈಟ್, ಆಮೇಲೆ ಬೆಂಕಿ

ಪಂಜಾಬಿನ ಗದ್ದೆಗಳಲ್ಲಿ ಬೆಂಕಿ ಕಡಿಮೆಯಾಗಿದೆ. ನಾನಲ್ಲ, ಸರ್ಕಾರದ ಲೆಕ್ಕ ಹೇಳುತ್ತಿದೆ. ಭತ್ತ ಕೊಯ್ದ ಮೇಲೆ ಕೂಳೆ ಸುಟ್ಟ ಪ್ರಕರಣಗಳು 2020ರಲ್ಲಿ 83,002. 2024ರಲ್ಲಿ 10,909. ನಾಲ್ಕೇ ವರ್ಷಕ್ಕೆ ಶೇ. 87ರಷ್ಟು ಇಳಿಕೆ! ಇಂಥ ಸಾಧನೆ ಬೇರೆ ಯಾವ ಇಲಾಖೆಯೂ ಮಾಡಿದ ಹಾಗಿಲ್ಲ. ಸಣ್ಣ ತೊಂದರೆ ಅಂದರೆ ಆ ಹೊಗೆ ಹೋಗಿ ಸೇರುವ ದೆಹಲಿಯ ಗಾಳಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ. ಅದೇ 2024ರ ನವೆಂಬರ್ 18ರಂದು ಅಲ್ಲಿನ ವಾಯು ಗುಣಮಟ್ಟ ಸೂಚ್ಯಂಕ 490 ದಾಟಿತ್ತು. ಪುಣ್ಯಕ್ಕೆ ನಮ್ಮ ಸರ್ಕಾರಿ ಸೂಚ್ಯಂಕ 500ಕ್ಕೇ ನಿಲ್ಲುತ್ತದೆ. ಅದಕ್ಕಿಂತ ಜಾಸ್ತಿ ಕೆಡಲು ಗಾಳಿಗೆ ಅನುಮತಿ ಇಲ್ಲ.

ಹಾಗಾದರೆ ಬೆಂಕಿ ಎಲ್ಲಿಗೆ ಹೋಯಿತು? ಬಹುಪಾಲು ಎಲ್ಲಿಗೂ ಹೋಗಿಲ್ಲ, ಸ್ವಲ್ಪ ತಡವಾಗಿ ಬರುತ್ತಿದೆ ಅಷ್ಟೇ. ಈ ಬೆಂಕಿಯನ್ನು ಎಣಿಸುವುದು ಭೂಮಿಯನ್ನು ಸುತ್ತುವ ಸ್ಯಾಟಲೈಟ್‌ಗಳು. ಹಗಲಲ್ಲಿ ಅವು ಪಂಜಾಬಿನ ಮೇಲೆ ಹಾದುಹೋಗುವುದು ಮಧ್ಯಾಹ್ನ ಒಂದೂವರೆ ಸುಮಾರಿಗೆ. ನಮ್ಮೂರ ಬಸ್ಸಿಗಿಂತ ಸಮಯಪಾಲನೆ ಜಾಸ್ತಿ. ರೈತರು ಊಟ ಮುಗಿಸಿ, ಒಂದು ಗಳಿಗೆ ಅಡ್ಡಾಗಿ, ಸ್ಯಾಟಲೈಟ್ ಸಾಹೇಬರನ್ನು ಮರ್ಯಾದೆಯಿಂದ ಬೀಳ್ಕೊಟ್ಟು ಆಮೇಲೆ ಕಡ್ಡಿ ಗೀರುತ್ತಾರೆ. ಒಂದೇ ಕಡೆ ನಿಂತು ಇಡೀ ದಿನ ನೋಡುವ ಕೊರಿಯಾದ ಸ್ಯಾಟಲೈಟ್ ಒಂದಿದೆ. ಅದರ ಚಿತ್ರಗಳನ್ನು ವಿಜ್ಞಾನಿಗಳು ಬಿಡಿಸಿ ನೋಡಿದಾಗ ಬೆಂಕಿಯೆಲ್ಲ ಸಂಜೆಯ ಕಡೆಗೆ ಸರಿದಿರುವುದು ಕಂಡಿತು. ಕೊರಿಯಾದವರಿಗೆ ಯಾಕೆ ಬೇಕಿತ್ತು ಈ ಉಸಾಬರಿ?

ರೈತರನ್ನು ಬೈಯುವ ಮೊದಲು ಒಂದು ಮಾತು. ಪಂಜಾಬಿನವರು ರೊಟ್ಟಿ ತಿನ್ನುವ ಜನ. ಅವರ ತಟ್ಟೆಯಲ್ಲಿ ಅನ್ನ ಅತಿಥಿ. ದೇಶಕ್ಕೆ ಅಕ್ಕಿ ಬೇಕು, ನೀವು ಬೆಳೆಯಿರಿ, ಬೆಂಬಲ ಬೆಲೆ ಕೊಟ್ಟು ನಾವೇ ಕೊಳ್ಳುತ್ತೇವೆ ಎಂದಿತು ಸರ್ಕಾರ. ಬೆಳೆದರು. ನೀರು? ಬೋರ್‌ವೆಲ್ ಇದೆಯಲ್ಲ. ಕರೆಂಟು? 1997ರಿಂದ, ನಡುವೆ ಕೆಲವು ವರ್ಷ ಬಿಟ್ಟರೆ, ಪೂರ್ತಿ ಉಚಿತ. ಪಂಪು ಹಗಲೂ ರಾತ್ರಿ ಓಡಿತು. ಅಂತರ್ಜಲ ಪಾತಾಳ ಸೇರಿತು. ಆಗ ಎಚ್ಚೆತ್ತ ಸರ್ಕಾರ ಬೆಲೆಯನ್ನೂ ಮುಟ್ಟಲಿಲ್ಲ, ಕರೆಂಟನ್ನೂ ಮುಟ್ಟಲಿಲ್ಲ. ಕ್ಯಾಲೆಂಡರನ್ನು ಮುಟ್ಟಿತು. 2009ರಲ್ಲಿ ಒಂದು ಕಾನೂನು ಬಂತು: ಜೂನ್ 10ಕ್ಕೆ ಮೊದಲು ಯಾರೂ ನಾಟಿ ಮಾಡುವಂತಿಲ್ಲ ಎಂದಿತು ಅದು. ಮಾಡಿದರೆ ದಂಡ, ಮೇಲಿಂದ ನೆಟ್ಟ ಪೈರೂ ನಾಶ. ಉರಿಬಿಸಿಲಿನಲ್ಲಿ ನೀರು ಆವಿಯಾಗುವುದು ತಪ್ಪಲಿ, ಮಳೆ ಹತ್ತಿರವಾದ ಮೇಲೆ ನೆಡಲಿ ಅನ್ನುವ ಲೆಕ್ಕ. ಲೆಕ್ಕವೇನೋ ಸರಿಯೇ.

ಆದರೆ ನಾಟಿ ತಡವಾದರೆ ಕೊಯ್ಲೂ ತಡವಾಗುತ್ತದೆ. ಅಕ್ಟೋಬರ್ ಕೊನೆಗೆ ಕೊಯ್ದು ಮುಗಿಸುವಷ್ಟರಲ್ಲಿ ಗೋಧಿ ಬಿತ್ತನೆಗೆ ಉಳಿಯುವುದು ಎರಡು ಮೂರು ವಾರ. ಕೊಯ್ಲಿಗೆ ಬರುವ ಕಂಬೈನ್ ಯಂತ್ರ ತೆನೆ ಕತ್ತರಿಸಿಕೊಂಡು, ಮೊಣಕಾಲುದ್ದದ ಕೂಳೆಯನ್ನು ಗದ್ದೆಯಲ್ಲೇ ಬಿಟ್ಟು ಹೊರಟುಹೋಗುತ್ತದೆ. ಅದನ್ನು ಕೀಳಲು ಆಳಿಲ್ಲ, ಮುಂದಿನ ಬೆಳೆಗೆ ದಿನವಿಲ್ಲ. ಬೆಂಕಿಪೊಟ್ಟಣಕ್ಕೆ ಎರಡು ರೂಪಾಯಿ. ಸರಿಯಾಗಿ ಅದೇ ಹೊತ್ತಿಗೆ ಉತ್ತರದಲ್ಲಿ ಗಾಳಿ ಬೀಸುವುದನ್ನು ನಿಲ್ಲಿಸಿ, ಚಳಿ ಇಳಿದು, ಹೊಗೆ ನೆಲಕ್ಕಂಟಿಕೊಂಡು ಕೂರುತ್ತದೆ. ಬೇಗ ನೆಟ್ಟರೆ ಒಂದು ದಂಡ, ತಡವಾಗಿ ಕೊಯ್ದು ಸುಟ್ಟರೆ ಇನ್ನೊಂದು. ಎರಡೂ ಕಡೆಯಿಂದ ರಸೀದಿ ಸಿಗುವ ಈ ವ್ಯವಸ್ಥೆಗೆ ಯೋಜನೆ ಎನ್ನುತ್ತಾರೆ.

ಆ ಎರಡನೇ ದಂಡ 2024ರ ನವೆಂಬರ್‌ನಲ್ಲಿ ದುಪ್ಪಟ್ಟಾಯಿತು. ಎರಡು ಎಕರೆಗಿಂತ ಕಡಿಮೆ ಇದ್ದವರಿಗೆ 5,000, ಐದು ಎಕರೆವರೆಗೆ 10,000, ಅದಕ್ಕಿಂತ ಜಾಸ್ತಿ ಇದ್ದರೆ 30,000 ರೂಪಾಯಿ. ಜಮೀನಿನ ದಾಖಲೆಯಲ್ಲಿ ಕೆಂಪು ಶಾಯಿಯ ನಮೂದು ಬೇರೆ. ಹರಿಯಾಣವಂತೂ ಸುಟ್ಟವರು ಎರಡು ಹಂಗಾಮು ಮಂಡಿಯಲ್ಲಿ ಬೆಳೆ ಮಾರುವಂತಿಲ್ಲ ಎಂದು ಆದೇಶ ಹೊರಡಿಸಿತು. 2023ರ ನವೆಂಬರ್‌ನಲ್ಲಿ ಬಠಿಂಡಾದ ಹಳ್ಳಿಯೊಂದಕ್ಕೆ ಬೆಂಕಿ ತಡೆಯಲು ಅಧಿಕಾರಿಯೊಬ್ಬರು ಹೋಗಿದ್ದರು. ರೈತರು ಸುತ್ತುವರಿದು ಅವರ ಕೈಯಿಂದಲೇ ಕೂಳೆಗೆ ಬೆಂಕಿ ಹಚ್ಚಿಸಿದರು. ಮಾಡಿದ್ದು ತಪ್ಪು, ಅನುಮಾನವೇ ಇಲ್ಲ. ಆದರೆ ಇಡೀ ಕಥೆಯಲ್ಲಿ ಸರ್ಕಾರದ ಪಾತ್ರ ಏನು ಅಂತ ಇಷ್ಟು ಕಮ್ಮಿ ಮಾತಿನಲ್ಲಿ ಬೇರೆ ಯಾರೂ ವಿವರಿಸಿಲ್ಲ.

ದಾರಿ ಇಲ್ಲವೆಂದಲ್ಲ. ಕೂಳೆ ಇದ್ದ ಹಾಗೇ ಅದರ ನಡುವೆ ಗೋಧಿ ಬಿತ್ತುವ ಹ್ಯಾಪಿ ಸೀಡರ್ ಇದೆ. ಹುಲ್ಲನ್ನು ಕಟ್ಟು ಕಟ್ಟಿಕೊಡುವ ಬೇಲರ್ ಇದೆ. 2018ರಿಂದ ಇಂಥ ಯಂತ್ರಗಳಿಗೆ ಸಬ್ಸಿಡಿಯೂ ಇದೆ. ಆದರೆ ವರ್ಷಕ್ಕೆ ಇಪ್ಪತ್ತು ದಿನ ಓಡುವ ಯಂತ್ರಕ್ಕೆ ಲಕ್ಷಗಟ್ಟಲೆ ಸುರಿದು, ಅದನ್ನು ಎಳೆಯಲು ದೊಡ್ಡ ಟ್ರ್ಯಾಕ್ಟರ್ ತಂದು, ಉಳಿದ ದಿನ ಕೊಟ್ಟಿಗೆಯಲ್ಲಿ ನಿಲ್ಲಿಸಿಕೊಳ್ಳಲು ಸಣ್ಣ ರೈತನಿಗೆ ಆಗುತ್ತಾ? ಬಾಡಿಗೆಗೆ ತರೋಣ ಅಂದರೆ ಊರಿಗೆಲ್ಲ ಒಂದೇ ವಾರದಲ್ಲಿ ಅದು ಬೇಕು. ಇನ್ನೂ ಸುಲಭದ ದಾರಿ ತಳಿ ಬದಲಿಸುವುದು. ಪೂಸಾ 44 ಭತ್ತ ಕೈಗೆ ಬರಲು ಐದು ತಿಂಗಳಿಗಿಂತ ಜಾಸ್ತಿ ಬೇಕು. ಪಿಆರ್ 126 ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ, ಹುಲ್ಲೂ ಕಡಿಮೆ. ಪೂಸಾ 44ರ ಬೀಜವನ್ನು ಪಂಜಾಬ್ ನಿಷೇಧಿಸಿದ್ದು 2024ರ ಹಂಗಾಮಿಗೆ. ಅಷ್ಟರಲ್ಲಿ ದೆಹಲಿ ಎಷ್ಟೋ ಚಳಿಗಾಲ ಕೆಮ್ಮಿ ಮುಗಿಸಿತ್ತು. ಬೀಜ ಬದಲಿಸುವುದರಲ್ಲಿ ಮಜಾ ಇಲ್ಲ ನೋಡಿ. ರಿಬ್ಬನ್ ಕತ್ತರಿಸಲು ಜಾಗವೇ ಇರುವುದಿಲ್ಲ.

ಮಜಾ ಇರುವುದು ದೆಹಲಿಯಲ್ಲಿ. 2021ರ ಆಗಸ್ಟ್‌ನಲ್ಲಿ ಕನಾಟ್ ಪ್ಲೇಸ್‌ನಲ್ಲಿ ಎಂಟು ಅಂತಸ್ತಿನಷ್ಟು ಎತ್ತರದ ಸ್ಮಾಗ್ ಟವರ್ ಎದ್ದಿತು. ಇಪ್ಪತ್ತು ಕೋಟಿಗೂ ಮೀರಿದ ಖರ್ಚು. ಊರಿನ ಗಾಳಿಯನ್ನು ಫ್ಯಾನು ಹಾಕಿ ಸೋಸುವ ಯೋಜನೆ. ಎರಡೇ ವರ್ಷದಲ್ಲಿ ನಿಂತುಹೋಗಿ, ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಮತ್ತೆ ಗುಯ್‌ಗುಟ್ಟಿತು. ಸರ್ಕಾರ ಬದಲಾಯಿತು, ಉಪಾಯವೂ ಬದಲಾಯಿತು. 2025ರ ಅಕ್ಟೋಬರ್ 28ರಂದು ಐಐಟಿ ಕಾನ್ಪುರದವರ ವಿಮಾನ ಮಳೆ ಬರಿಸಲೆಂದು ಮೋಡ ಬಿತ್ತಲು ಹೊರಟಿತು. ಮೋಡದಲ್ಲಿ ತೇವವೇ ಇರಲಿಲ್ಲ, ದೆಹಲಿ ನೆನೆಯಲಿಲ್ಲ. ಈ ವಿಷಯದಲ್ಲಿ ನಾವು ಕನ್ನಡಿಗರು ಅವರಿಗೆ ಹಿರಿಯಣ್ಣಂದಿರು. 2017ರಲ್ಲೇ ಜಕ್ಕೂರಿನಿಂದ ವಿಮಾನ ಹಾರಿಸಿ 'ವರ್ಷಧಾರೆ' ನಡೆಸಿದವರು ನಾವು. ಬಿದ್ದ ಮಳೆ ಸರ್ಕಾರದ್ದು, ಬೀಳದ ಮಳೆ ಮೋಡದ್ದು ಅನ್ನುವ ಲೆಕ್ಕವನ್ನು ಯಾರಾದರೂ ನಮ್ಮಿಂದ ಕಲಿಯಬೇಕು.

ಇಷ್ಟೆಲ್ಲ ಗದ್ದಲದಲ್ಲಿ ಪಾಪ, ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರಗಳನ್ನು ಯಾರೂ ಮಾತಾಡಿಸುವುದಿಲ್ಲ. ಗಂಧಕದ ಹೊಗೆ ತಡೆಯುವ ಯಂತ್ರ ಹಾಕಿ ಅಂತ 2015ರಲ್ಲಿ ಅವಕ್ಕೆ ಹೇಳಲಾಯಿತು. ಗಡುವು 2017. ಆಮೇಲೆ ಮುಂದಕ್ಕೆ, ಮತ್ತೆ ಮುಂದಕ್ಕೆ. 2025ರ ಜುಲೈನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಘಟಕಗಳಿಗೆ ಅದರಿಂದ ವಿನಾಯಿತಿಯೇ ಸಿಕ್ಕಿತು. ದೆಹಲಿ ಪಕ್ಕದವಕ್ಕೆ 2027ರ ಕೊನೆಯವರೆಗೆ ಸಮಯವಿದೆ. ರೈತನಿಗೆ ಇಪ್ಪತ್ತು ದಿನ, ಸ್ಥಾವರಕ್ಕೆ ಹನ್ನೆರಡು ವರ್ಷ. ಅದರ ಚಿಮಣಿ ಒಂದೂವರೆಗೂ ಉರಿಯುತ್ತದೆ, ಐದಕ್ಕೂ ಉರಿಯುತ್ತದೆ, ಯಾರಿಗೂ ಹೆದರಬೇಕಾಗಿಲ್ಲ.

ಹೊಲಕ್ಕೂ ಚಿಮಣಿಗೂ ಒಂದು ಗುಟ್ಟಿನ ಸಂಬಂಧವೂ ಇದೆ. ಯೂರಿಯಾವನ್ನು ಮಣ್ಣಿನ ಮೇಲೆ ಎರಚಿದರೆ ಒಂದು ಪಾಲು ಅಮೋನಿಯಾ ಆಗಿ ಗಾಳಿ ಸೇರುತ್ತದೆ. ಅಲ್ಲಿ ಕಲ್ಲಿದ್ದಲಿನ ಗಂಧಕದ ಹೊಗೆ ಜೊತೆ ಕೂಡಿ, ಶ್ವಾಸಕೋಶದ ಒಳಗೆ ಹೋಗಿ ಕೂರುವ ಸಣ್ಣ ಕಣ ಆಗುತ್ತದೆ. ಗೊಬ್ಬರವನ್ನು ಮಣ್ಣಿನೊಳಗೆ ಸೇರಿಸಿದರೆ, ಹಾಕಿದ ಕೂಡಲೇ ನೀರು ಕಟ್ಟಿದರೆ ಈ ನಷ್ಟ ಎಷ್ಟೋ ತಪ್ಪುತ್ತದೆ. ದುಡ್ಡೂ ಉಳಿಯುತ್ತದೆ. ಆದರೆ 45 ಕೆ.ಜಿ. ಚೀಲ 266 ರೂಪಾಯಿ 50 ಪೈಸೆಗೆ ಸಿಗುವಾಗ ಲೆಕ್ಕ ಹಾಕುವವರು ಯಾರು? ಸಿಗುವುದೇ ಕಷ್ಟವಾದಾಗ ಮಾತ್ರ, 2025ರ ಮುಂಗಾರಿನಲ್ಲಿ ನಮ್ಮ ಸೊಸೈಟಿಗಳ ಮುಂದೆ ನಿಂತ ಹಾಗೆ, ಚಪ್ಪಲಿ ಸಾಲಿಗಿಟ್ಟು ಕಾಯುತ್ತೇವೆ. ಅಮೋನಿಯಾಕ್ಕೆ ಬಣ್ಣವಿಲ್ಲ, ಜ್ವಾಲೆಯಿಲ್ಲ. ಟಿವಿಯಲ್ಲಿ ತೋರಿಸಲು ಏನೂ ಇಲ್ಲ. ಹಾಗಾಗಿ ಅದು ಮಾಲಿನ್ಯವೂ ಅಲ್ಲ.

ನಮ್ಮಲ್ಲೂ ಸುಡುವುದಿಲ್ಲವೇ? ಸಿಂಧನೂರು, ಗಂಗಾವತಿ ಕಡೆ ಕಂಬೈನ್ ಹೋದ ಗದ್ದೆಗಳಿಗೆ ಬೆಂಕಿ ಬೀಳುತ್ತದೆ. ಬೆಳಗಾವಿ, ಬಾಗಲಕೋಟೆಯಲ್ಲಿ ಕಬ್ಬಿನ ರವದಿ, ಅಂದರೆ ಒಣಗರಿ, ಉರಿಯುತ್ತದೆ. ಅದನ್ನೇ ಸಾಲಿನ ನಡುವೆ ಹರಡಿದರೆ ತೇವ ನಿಲ್ಲುತ್ತದೆ, ಕಳೆ ಕಡಿಮೆಯಾಗುತ್ತದೆ ಅಂತ ಕೃಷಿ ವಿಶ್ವವಿದ್ಯಾಲಯದವರು ಹೇಳಿ ಹೇಳಿ ಸುಸ್ತಾಗಿದ್ದಾರೆ. ಆದರೆ ಜಮಖಂಡಿಯ ಹೊಗೆ ಜಮಖಂಡಿಯವರನ್ನೇ ಕೆಮ್ಮಿಸಿ ಸುಮ್ಮನಾಗುತ್ತದೆ. ಸಂಸತ್ತಿನ ಕಿಟಕಿವರೆಗೆ ಹೋಗುವ ತಾಕತ್ತು ಅದಕ್ಕಿಲ್ಲ. ಅದಕ್ಕೇ ದೆಹಲಿಗಿರುವ ಹಾಗೆ ಗಾಳಿ ನೋಡಿಕೊಳ್ಳಲು ಆಯೋಗವೂ ಇಲ್ಲ, ವಿಮಾನವೂ ಇಲ್ಲ. ನಮ್ಮ ಸಂಸದರು ಒಂದು ಮನವಿ ಕೊಟ್ಟು ಸ್ಮಾಗ್ ಟವರ್ ಆದರೂ ಮಂಜೂರು ಮಾಡಿಸಿಕೊಂಡು ಬರಲಿ. ಶಂಕುಸ್ಥಾಪನೆಯನ್ನು ಮಾತ್ರ ಕಬ್ಬು ಕಡಿಯುವ ಮೊದಲೇ ಇಟ್ಟುಕೊಳ್ಳುವುದು ಒಳ್ಳೆಯದು. ಆಮೇಲಾದರೆ ಫೋಟೋದಲ್ಲಿ ಯಾರ ಮುಖವೂ ಕಾಣುವುದಿಲ್ಲ.